ಎಣಿಕೆಯ ದಿನ ಸಿಡಿದ ಪಟಾಕಿ

ಮಾನ್ವಿ ಹತ್ತಿರದ ನಮ್ಮೂರ ಕೆರೆಗೆ ಹಕ್ಕಿ ಎಣಿಸುವವರು ಬರುತ್ತಾರೆಂಬ ಸುದ್ದಿ ಚಹಾದಂಗಡಿ ಮುಟ್ಟುವಷ್ಟರಲ್ಲಿ ಅದಕ್ಕೊಂದು ಬಾಲ ಹುಟ್ಟಿತ್ತು: ಎಣಿಸಿದರೆ ಕೆರೆಗೆ ತಂತಿಬೇಲಿ ಬೀಳುತ್ತದೆ. ಯಾರು ಹೇಳಿದರೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲರೂ ನಂಬಿದರು.

ಹೆಚ್ಚು ನಂಬಿದವನು ಯಲ್ಲಾಲಿಂಗ. ಕೆರೆಯ ಮೀನೇ ಅವನ ಮನೆಯ ಅನ್ನ. ಎಣಿಸಲು ಹಕ್ಕಿಯೇ ಇರಬಾರದೆಂದು ಎಣಿಕೆಯ ದಿನ ಬೆಳಿಗ್ಗೆ, ಮದುವೆಯಲ್ಲಿ ಉಳಿದಿದ್ದ ಸರಪಟಾಕಿಯನ್ನು ಜಾಲಿಗಿಡಗಳ ಕೆಳಗೆ ಹಚ್ಚಿದ. ಗೂಡಿನಲ್ಲಿದ್ದ ಕೊಕ್ಕರೆಗಳೆಲ್ಲ ಭತ್ತದ ಗದ್ದೆಗಳ ಕಡೆ ಹಾರಿದವು.

ಸದ್ದು ಕೇಳಿ ಊರ ಗ್ರಂಥಾಲಯ ನೋಡಿಕೊಳ್ಳುವ ಸಂಘಮಿತ್ರಾ ಓಡಿಬಂದಳು. ಕೆರೆ ಉಳಿಸುವ ಯೋಜನೆಗೇ ಈ ಎಣಿಕೆ ಎಂದಳು.

"ಕಾಕಾ, ಹಕ್ಕಿ ಕಾಣಲಿಲ್ಲಂದ್ರ ಕೆರಿ ಖಾಲಿ ಅದ ಅಂತ ಬರಕೋತಾರ. ನಾಳೆ ಗಿಡ ಕಡದು, ಮಣ್ಣು ತುಂಬಿ ಪ್ಲಾಟ್ ಮಾಡೋಣು ಅಂದವರಿಗೆ ಏನು ಹೇಳತಿ? ನಿನ್ನ ಮೀನು ಎಲ್ಲಿ ಈಜಬೇಕು?"

"ಬ್ಯಾಲಿ ಹಾಕಿದ್ರ?"

"ಇಲ್ಲಿ ಮೀನು ಹಿಡಿಯೋರು ಅದಾರ ಅಂತ ಅವರ ಎಣಿಕಿ ಕಾಗದದಾಗಽ ಬರಸೋಣು. ಅದಕ್ಕ ನೀ ಎದುರಿಗಿರಬೇಕು."

ಸದ್ದಿಗೆ ಬಂದಿದ್ದ ಯಲ್ಲಾಲಿಂಗನ ಹೆಂಡತಿ ಮೂಕಮ್ಮ ಇದಾವುದನ್ನೂ ಕೇಳುತ್ತಿರಲಿಲ್ಲ. ಗಿಡದ ಕಡೆಗೇ ನೋಡುತ್ತಿದ್ದಳು. "ಬಿಸಲು ಏರಾಕತ್ತದ. ಗೂಡಿನ್ಯಾಗಿನ ಮರಿಗೋಳಿಗೆ ನೆಳ್ಳು ಯಾರು ಮಾಡಬೇಕು?" ಎಂದಳು.

ಅಷ್ಟರಲ್ಲಿ ಎಣಿಸುವವರ ಜೀಪು ಬಂತು. ತಂಡದ ಅಮರೇಶ ದುರ್ಬೀನಿನಲ್ಲಿ ನೋಡಿ, ಬರೆಯಲು ಪೆನ್ನು ತೆಗೆದ. ಯಲ್ಲಾಲಿಂಗ ಮುಂದೆ ಬಂದ.

"ಖಾಲಿ ಅಂತ ಬರೀಬ್ಯಾಡ್ರಿ ಸಾಹೇಬ್ರ. ನಾನಽ ಹಾರಿಸೀನಿ. ದೂರ ಕುಂದರೋಣ ಬರ್ರಿ."

ಒಡ್ಡಿನಾಚೆ ಎಲ್ಲರೂ ಮರೆಯಾಗಿ ಕೂತರು. ಬಿಸಿಲು ಗೂಡುಗಳ ಮೇಲೆ ನೇರ ಬೀಳುತ್ತಿತ್ತು. ಹೊತ್ತು ಹೋಯಿತು, ಹಕ್ಕಿ ಬರಲಿಲ್ಲ. ಜೀವಮಾನವಿಡೀ ಕೊಕ್ಕರೆಗೆ ಕಲ್ಲು ಬೀಸುತ್ತ ಬಂದ ಯಲ್ಲಾಲಿಂಗ ಈಗ ಅದರ ದಾರಿ ಕಾಯುತ್ತಿದ್ದ. ಕೊನೆಗೆ ಒಂದು ಕೊಕ್ಕರೆ ಎರಡು ಸುತ್ತು ಹಾಕಿ ಇಳಿಯಿತು, ಮರಿಗಳ ಮೇಲೆ ರೆಕ್ಕೆ ಬಿಚ್ಚಿ ನಿಂತಿತು. ಅದರ ಹಿಂದೆ ಉಳಿದವು ಬಂದವು. ಅಮರೇಶ ಎಣಿಸಿದ; ಮೀನು ಹಿಡಿಯುವವರನ್ನೂ ಬರೆದುಕೊಂಡ.

ತುದಿಯ ಗಿಡದ ಒಂದು ಗೂಡಿಗೆ ಮಾತ್ರ ಯಾವುದೂ ಇಳಿಯಲಿಲ್ಲ. ಜೀಪು ಹೋದ ಮೇಲೂ ಯಲ್ಲಾಲಿಂಗ ಒಡ್ಡಿನಿಂದ ಏಳಲಿಲ್ಲ.

"ಸಂಜಿತನಕ ನೋಡತೀನಿ, ನೀ ಮನಿಗಿ ನಡಿ" ಎಂದ ಹೆಂಡತಿಗೆ. ಮೂಕಮ್ಮ ಹೋಗಲಿಲ್ಲ, ಪಕ್ಕದಲ್ಲೇ ಕೂತಳು.

ಇದನ್ನು ಓದಿದವರೇ, ನಿಮ್ಮೂರ ಕೆರೆಗೂ ಎಣಿಸುವವರು ಬಂದಾರು. ಅವರ ಜೊತೆ ಹೋಗಿ. ಹಕ್ಕಿ ಯಾವ ತಿಂಗಳು ಬರುತ್ತದೆ, ಯಾವ ಗಿಡದಲ್ಲಿ ಗೂಡು ಕಟ್ಟುತ್ತದೆ, ಯಾರ ಗದ್ದೆಯಲ್ಲಿ ಮೇಯುತ್ತದೆ ಎಂಬುದು ಅವರಿಗಿಂತ ನಿಮಗೆ ಗೊತ್ತು, ಹೇಳಿ. ಕೆರೆಯಿಂದ ನಿಮಗೇನು ಬೇಕೆಂಬುದನ್ನೂ ಬರೆಸಿ. ಗೂಡಿನ ಕಾಲದಲ್ಲಿ ಗಿಡದ ಹತ್ತಿರ ಗದ್ದಲ ಬೇಡ. ಪಟಾಕಿ ಉಳಿದಿದ್ದರೆ ಇನ್ನೊಂದು ಮದುವೆ ಬಂದೇ ಬರುತ್ತದೆ.