ಡ್ರಾಯರಿನಲ್ಲಿದ್ದ ಮೀಟರು

ಆ ಸೋಮವಾರ ಬೆಳಿಗ್ಗೆ ರಾಯದುರ್ಗದ ಬೆಟ್ಟದ ಮೇಲೆ ಮೋಡ ಕವುಚಿ ಕೂತಿತ್ತು. ಹನಿ ಮಾತ್ರ ಉದುರಲೊಲ್ಲದು. ತಣ್ಣನೆ ಗಾಳಿ ಜೀನ್ಸ್ ಚಿಂದಿಗಳನ್ನು ಬೀದಿಯುದ್ದ ಉರುಳಿಸುತ್ತಿತ್ತು. ಸಿದ್ದರಾಮೇಶ್ ಹಣೆಗೆ ವಿಭೂತಿ ಹಚ್ಚಿಕೊಂಡು ತನ್ನ ರಿಪೇರಿ ಅಂಗಡಿಯಿಂದ ಅನ್ನದಾನಮ್ಮನ ಹೊಲಿಗೆ ಯೂನಿಟ್ಟಿಗೆ ಬಂದಾಗ, ಅಲ್ಲಿನ ಕಂಪ್ಯೂಟರಿನ ಪವರ್ ಸಪ್ಲೈ ಪೆಟ್ಟಿಗೆಯನ್ನು ಆಗಲೇ ಯಾರೋ ಬಿಚ್ಚಿದ್ದರು. ಅದರ ಮುಂದೆ ಕೂತವನು ಪಾಪಣ್ಣ. ರೊಳ್ಳದ ಕಡೆಯಿಂದ ಪ್ಯಾಂಟ್ ಹೊಲಿಯಲು ವಲಸೆ ಬಂದ ಟೈಲರು!

ಸಿದ್ದರಾಮೇಶನ ಹೊಟ್ಟೆಯಲ್ಲಿ ಒಲೆ ಹೊತ್ತಿತು.

“ಬರ್ರಿ ಸಿದ್ರಾಮಣ್ಣ,” ಎಂದಳು ಅನ್ನದಾನಮ್ಮ. “ನೀವು ಎರಡು ಸಲ ಫ್ಯೂಜ್ ಹಾಕಿದ್ರಿ, ಎರಡು ಸಲಾನೂ ಠಸ್ ಅಂತು. ಪ್ಯಾಂಟಿನ ಅಳತಿ ಎಲ್ಲಾ ಅದರಾಗ ಐತಿ. ಪಾಪಣ್ಣ ನೋಡ್ತೀನಿ ಅಂದ.”

“ನೋಡ್ಲಿ ಬಿಡ್ರಿ. ಸೂಜಿಗೆ ದಾರ ಪೋಣಿಸಿದಂಗ ಅಂತ ತಿಳಿದಾನ.”

ಹೊಲಿಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಪಾಪಣ್ಣನೂ ನಕ್ಕ. “ದಾರ ಕಡೀತಾನೇ ಇದ್ರೆ ದಾರ ಬದಲಾಯ್ಸಿ ಏನ್ ಬಂತಣ್ಣ? ಸೂಜಿ ನೋಡ್ಬೇಕು.”

“ಕರೆಂಟ್ ಅಳಿಯೋ ಮೀಟರಿಲ್ಲದ ಹೆಂಗ ನೋಡ್ತೀಯೋ? ನಿಂದೊಂದು ಇತ್ತಲ್ಲ?” ಎಂದಳು ಅನ್ನದಾನಮ್ಮ.

ಸಿದ್ದರಾಮೇಶ್ ಬಾಗಿಲ ಕಡೆ ಮುಖ ತಿರುಗಿಸಿದ. ಹೊಲಿಗೆಯ ಬಿಡುವಿನಲ್ಲಿ ಇಂಥ ಕೆಲಸಕ್ಕೂ ಕೈ ಹಾಕುತ್ತಿದ್ದ ಪಾಪಣ್ಣ ರಿಪೇರಿಗೆಂದು ಕೊಟ್ಟ ಮೀಟರು ಎರಡು ತಿಂಗಳಿಂದ ತನ್ನ ಡ್ರಾಯರಿನಲ್ಲಿತ್ತು. ಕಡಿದಿದ್ದ ವೈರನ್ನು ಅಂದೇ ಬೆಸೆದಾಗಿತ್ತು. ಅದು ಕೈಗೆ ಬಂದರೆ ಇವನು ಊರಿನ ಗಿರಾಕಿಗಳನ್ನೆಲ್ಲ ಎಳೆದುಕೊಂಡಾನೆಂಬ ಅಂಜಿಕೆಗೆ, ಬಳ್ಳಾರಿಯಿಂದ ಸಾಮಾನು ಬರಬೇಕೆಂದು ನೆಪ ಹೇಳಿ ಸಾಗಹಾಕುತ್ತ ಬಂದಿದ್ದ.

“ಅಣ್ಣನತ್ರ ಐತೆ ಕಣಕ್ಕ, ಸರಿ ಮಾಡ್ತಾವ್ರೆ,” ಎಂದ ಪಾಪಣ್ಣ, ತಲೆಯೆತ್ತದೆ. “ಬಲ್ಬ್ ಸಾಕು ಬುಡಕ್ಕ.”

ಹೊಸ ಫ್ಯೂಜ್ ಹಾಕಿ, ಕರೆಂಟಿಗೂ ಪೆಟ್ಟಿಗೆಗೂ ನಡುವೆ ಹಳೇ ನೂರು ವಾಟಿನ ಬಲ್ಬು ಸೇರಿಸಿ ಸ್ವಿಚ್ ಒತ್ತಿದ. ಬಲ್ಬು ಪೂರಾ ಬೆಳಗಿತು.

“ಒಳಗೆಲ್ಲೋ ಶಾರ್ಟ್ ಐತೆ. ಅದೇ ಫ್ಯೂಜ್ ತಿಂತಿರೋದು.”

ಪ್ಲಗ್ ಕಿತ್ತ. ದೊಡ್ಡ ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಇಳಿಸಿದ. ಅಲ್ಯೂಮಿನಿಯಂ ತಗಡಿಗೆ ಅಂಟಿ ಕೂತಿದ್ದ ಟ್ರಾನ್ಸಿಸ್ಟರಿನ ಬೆಸುಗೆ ಕರಗಿಸಿ ಹೊರಗೆಳೆದು, ಪ್ಲಗ್ ಸಿಕ್ಕಿಸಿ ಮತ್ತೆ ಸ್ವಿಚ್ಚಿಗೆ ಕೈ ಹಾಕಿದ.

ಸಿದ್ದರಾಮೇಶ್ ಕಣ್ಣು ಮುಚ್ಚಿದ. ಬಾಯಲ್ಲಿ ಶಿವನಾಮ, ಒಳಗೆ ಬೇರೆಯದೇ ಬೇಡಿಕೆ. ಬಲ್ಬು ಮೊದಲಿನಂತೆಯೇ ಉರಿಯಲಿ, ಇವನ ಕೈ ಸೋಲಲಿ.

ಕಣ್ಣು ಬಿಟ್ಟಾಗ ಬಲ್ಬು ಒಮ್ಮೆ ಮಿಂಚಿ ಆರುತ್ತಿತ್ತು.

“ಶಾರ್ಟ್ ಹೋಯ್ತು, ಇವನೇ ಕಳ್ಳ!” ಪಾಪಣ್ಣ ಟ್ರಾನ್ಸಿಸ್ಟರನ್ನು ಎತ್ತಿ ತೋರಿಸಿದ. “ಅಣ್ಣ, ಇಂಥಾದ್ದೊಂದು ನಿಮ್ಮತ್ರ ಐತಾ? ನಿಮ್ಮ ಅಂಗಡೀಲಿ ಇಲ್ದಿದ್ರೆ ಈ ಊರಾಗೆ ಎಲ್ಲೂ ಸಿಗಲ್ಲ.”

ಇಲ್ಲ ಎಂಬ ಮಾತು ಸಿದ್ದರಾಮೇಶನ ನಾಲಿಗೆಯ ತುದಿಗೆ ಬಂತು. ಇಲ್ಲ ಎಂದರೆ ಪೆಟ್ಟಿಗೆ ಸತ್ತಂತೆಯೇ. ಪಾಪಣ್ಣನ ಹೆಸರೂ ಅಲ್ಲಿಗೇ ಮುಗಿಯಿತು. ಆದರೆ ‘ಸರಿ ಮಾಡ್ತಾವ್ರೆ’ ಎಂದು, ಅರಿತೋ ಅರಿಯದೆಯೋ, ಹತ್ತು ಜನರೆದುರು ತನ್ನ ಮಾನ ಕಾಯ್ದವನು ಕೈಯೊಡ್ಡಿ ಕೂತಿದ್ದ.

“ಐತಿ. ತಡಿ, ತರ್ತೀನಿ.”

ಅಂಗಡಿಯ ಮೂಲೆಯಲ್ಲಿದ್ದ ಹಳೇ ಪವರ್ ಸಪ್ಲೈ ಪೆಟ್ಟಿಗೆಯೊಂದರಿಂದ ಅದೇ ನಂಬರಿನ ಟ್ರಾನ್ಸಿಸ್ಟರನ್ನು ಬಿಚ್ಚಿಕೊಂಡ. ಹೊಟ್ಟೆಯ ಉರಿ ಪೂರಾ ಆರಿರಲಿಲ್ಲ. ಗೋಡೆಯ ಮೇಲಿನ ಶಿವನ ಪಟದ ಕಡೆ ನೋಡಲಾರದೆ ಡ್ರಾಯರು ಎಳೆದ.

ಮರಳಿ ಬಂದು ಟ್ರಾನ್ಸಿಸ್ಟರನ್ನು ಪಾಪಣ್ಣನ ಅಂಗೈಗೆ ಹಾಕಿದ. “ಹಳೇದು. ಕೂಡಿಸೋಕ್ಕಿಂತ ಮೊದಲು ಚೆಕ್ ಮಾಡ್ಕೋ.”

“ಯಾತರಾಗೆ ಮಾಡ್ಲಣ್ಣ?”

ಸಿದ್ದರಾಮೇಶ್ ಟವೆಲ್ಲಿನ ಗಂಟು ಬಿಚ್ಚಿ, ಧೂಳೊರೆಸಿದ ಮೀಟರನ್ನು ಅವನ ಮೊಣಕಾಲ ಬಳಿ ಮೆಲ್ಲಗೆ ಇಟ್ಟ.