ಮೀನಿನ ಅರ್ಧ ದಾರಿ

ಬಲೆಗೆ ಮೂತಿ ಒತ್ತಿ ನಿಂತಿದ್ದ ಪಕ್ಕೆ ಮೀನುಗಳನ್ನು ಕಂಡು ಶಂಕರ ಮೊದಲು ನಕ್ಕ. ಬೆಳಿಗ್ಗೆಯಷ್ಟೇ ಹೇಮಾವತಿ ದಡ ಮೀರಿ, ಕೆಂಪು ನೀರು ತೋಡಿನಗುಂಟ ಅವನ ಕೆರೆಗೆ ನುಗ್ಗುತ್ತಿತ್ತು. ಹೊಳೆ ಮೀನು ಮೊಟ್ಟೆಯಿಡಲು ಕೆರೆಗೆ ಹತ್ತುವ ಹೊತ್ತು. ಸಾಕಿದ ಕಾಟ್ಲಾ ಹೊಳೆಗೆ ಹೋಗದಂತೆ ಹೋದ ವರ್ಷ ಅವನೇ ತೋಡಿಗೆ ಅಡ್ಡಲಾಗಿ ಬಲೆ ಕಟ್ಟಿದ್ದ. ಗೋಣಿಬೀಡಿನ ಸುತ್ತ ಅಷ್ಟು ದೊಡ್ಡ ಕಾಟ್ಲಾ ಬೆಳೆಸಿದವರಿರಲಿಲ್ಲ, ಬಂದವರಿಗೆಲ್ಲ ತೋರಿಸುತ್ತಿದ್ದ.

ಹೋದ ಮಳೆಗಾಲದಲ್ಲಿ ಬಲೆ ದಾಟಿ ನೀರು ಬಂದಿತ್ತು, ಮೀನು ಬಂದಿರಲಿಲ್ಲ. ಬೇಸಿಗೆಯಲ್ಲಿ ಕೆರೆ ಇಳಿದಾಗ, ಗಾಳಿ ಕುಡಿದು ಬದುಕುವ ಕೊರವ ಒಂದೆರಡು ಬಿಟ್ಟರೆ ಊರಿನ ಮೀನೇ ಇರಲಿಲ್ಲ. ಕಾಟ್ಲಾ ಮರಿಗಳ ಜೊತೆ ಬೆರೆತು ಬಂದ ಜಿಲೇಬಿ ಮೀನು ಮಾತ್ರ ಕೆರೆ ತುಂಬಿತ್ತು.

ಪಕ್ಕದ ಮನೆಯ ದ್ಯಾವಮ್ಮ ಮೀನು ಹಿಡಿಯುವ ಬಿದಿರಿನ ಕೂಳಿ ಹಿಡಿದು ದಡದಲ್ಲೇ ನಿಂತಿದ್ದಳು.

"ಏನ್ ದ್ಯಾವಕ್ಕ, ಕೂಳಿ ಇಡಿ. ಇಷ್ಟು ಮೀನು ಒಂದೇ ಕಡೆ ಯಾವಾಗ ಸಿಗುತ್ತೆ?" ಎಂದ ಶಂಕರ.

"ಮುಚ್ಚಿದ ತೋಡಿಗೆ ಕೂಳಿ ಇಡಾದಾ ಮಾರಾಯ? ಅರ್ಧ ದಾರಿ ಮೀನಿಂದು ಅಂದೋರು ನಿಮ್ಮನೇರೇ. ತೋಡು ಪೂರ್ತಿ ಕಟ್ಟಿದ್ರು ಅಂತ ನಮ್ಮ ಮಾವನ ಕೂಳಿ ಕಿತ್ತು ಎಸ್ದಿದ್ರು ನಿಮ್ಮಜ್ಜ."

"ಅಜ್ಜನ ಫೋಟೋಕ್ಕೆ ಹಾರ ಹಾಕ್ತಾರೆ ದ್ಯಾವಕ್ಕ, ಮಾತಿಗಲ್ಲ," ಎಂದಳು ಶಂಕರನ ಹೆಂಡತಿ ಧನ್ಯಾ.

"ಬಲೆ ತೆಗೆದ್ರೆ ನನ್ ಕಾಟ್ಲಾ ಹೊಳೆ ಪಾಲಾಗುತ್ತೆ," ಎಂದ ಶಂಕರ.

"ಆಗುತ್ತೆ," ಎಂದಳು ದ್ಯಾವಮ್ಮ. "ಸುಳ್ಳು ಯಾಕೆ ಹೇಳ್ಲಿ?"

ಶಂಕರ ನೀರಿಗಿಳಿದ. ಬಲೆಯ ಕಣ್ಣಿಗೆ ಸಿಕ್ಕ ಪಕ್ಕೆಯೊಂದರ ಹೊಟ್ಟೆ ಹರಿದು ಮೊಟ್ಟೆ ಸೋರುತ್ತಿತ್ತು. ಊರು ಅವನ ಮನೆಯವರನ್ನು ಗುರುತಿಸುತ್ತಿದ್ದುದು ತೋಟದಿಂದಲ್ಲ. ತೋಡು ಮುಚ್ಚದವರು ಎಂದು. ಅವನು ಸೊಂಟದ ಕತ್ತಿ ತೆಗೆದು ಒಂದು ಬದಿಯ ಹಗ್ಗ ಕೊಯ್ದ, ನಂತರ ಇನ್ನೊಂದು. ಬಲೆ ಸುರುಳಿ ಸುತ್ತಿಕೊಂಡು ದಡಕ್ಕೆ ಬಂತು.

ಕೆರೆಯ ಕಡೆಯಿಂದ ನೀರು ಉಬ್ಬಿತು. ತೊಡೆ ಗಾತ್ರದ ಕಾಟ್ಲಾ ಅವನ ಮೊಣಕಾಲು ಸವರಿ ಹೊಳೆಯತ್ತ ನುಗ್ಗಿತು.

"ಹೋಯ್ತಲ್ರೀ!"

"ಬೆನ್ನು ನೋಡ್ದೆಯಾ? ನಾನು ಸಾಕಿದ್ದು ಕಣೇ!" ಶಂಕರ ಎದೆಯುಬ್ಬಿಸಿ ಕೂಗಿದ.

ದ್ಯಾವಮ್ಮ ಸೀರೆ ಎತ್ತಿ ಕಟ್ಟಿ, ತೋಡಿನ ಒಂದು ಬದಿಗೆ ಒತ್ತರಿಸಿ ಕೂಳಿ ಇಟ್ಟಳು. ಇನ್ನೊಂದು ಬದಿಯಲ್ಲಿ ಶಂಕರ ನಿಂತೇ ಇದ್ದ. ಕೆಂಪು ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಮೀನುಗಳು ಒಂದರ ಹಿಂದೊಂದು ಕಣಕಾಲಿಗೆ ತಾಗಿ ಕೆರೆಯತ್ತ ಹೋಗುತ್ತಿದ್ದವು. ಅವನು ಕಾಲುಗಳನ್ನು ಇನ್ನಷ್ಟು ಅಗಲಿಸಿ ನಿಂತ.