ಸಂಗಮ್ಮ ಜಗ್ಗಿ ನೋಡದ ಪಟ್ಟಿಗಳು

೧೯೭೧ರ ಡಿಸೆಂಬರ್. ನಾಶಿಕದ ಪಂಚವಟಿಯಾಚೆಗಿನ ತಗಡಿನ ಶೆಡ್ಡಿನಲ್ಲಿ ಹನ್ನೆರಡು ಹೊಲಿಗೆ ಯಂತ್ರಗಳು ಬೆಳಗಿನಿಂದ ಒಂದೇ ಸಮನೆ ಓಡುತ್ತಿದ್ದವು. ಪ್ಯಾರಾಶೂಟ್ ಕಟ್ಟಿಕೊಳ್ಳುವವರು ಮೈಗೆ ಬಿಗಿದುಕೊಳ್ಳುವ ಪಟ್ಟಿಗಳನ್ನು ಹೆಂಗಸರು ಅಲ್ಲಿ ಹೊಲಿಯುತ್ತಿದ್ದರು. ಪ್ರತಿ ಪಟ್ಟಿಯನ್ನೂ ಕೊಕ್ಕೆಗೆ ಹಾಕಿ ಜಗ್ಗಿ, ಹೊಲಿಗೆ ಗಟ್ಟಿಯಿದ್ದರೆ ಮುದ್ರೆ ಒತ್ತುವುದು ಕಲಬುರಗಿ ಕಡೆಯ ಸಂಗಮ್ಮನ ಕೆಲಸ. ಯುದ್ಧಕ್ಕೆ ಮೊದಲು ದಿನಕ್ಕೆ ನಲವತ್ತು ಬರುತ್ತಿದ್ದವು, ಈಗ ನೂರೈವತ್ತು. ಹತ್ತರಲ್ಲಿ ಒಂದನ್ನು ಜಗ್ಗಿ, ಉಳಿದವಕ್ಕೆ ಸುಮ್ಮನೆ ಮುದ್ರೆ ಒತ್ತುವುದು ಯಾವಾಗ ರೂಢಿಯಾಯಿತೋ ಅವಳಿಗೇ ತಿಳಿದಿರಲಿಲ್ಲ.

ಮಧ್ಯಾಹ್ನ ರೇಡಿಯೊದಲ್ಲಿ ವಾರ್ತೆ ಬಂತು. ಕಾಶ್ಮೀರದ ಕದನವಿರಾಮ ರೇಖೆಯ ಬಳಿ ನಮ್ಮದೊಂದು ಜೆಟ್ ವಿಮಾನವನ್ನು ವೈರಿಗಳು ಹೊಡೆದುರುಳಿಸಿದ್ದರು. ಪೈಲಟ್ ಹೊರಗೆ ಹಾರಿದ್ದನ್ನು ಕಂಡವರಿದ್ದರು, ಮುಂದೇನಾಯಿತೋ ಗೊತ್ತಿಲ್ಲ.

ಯಂತ್ರಗಳು ಅರೆಗಳಿಗೆ ನಿಂತು ಮತ್ತೆ ಓಡಿದವು. ಸಂಗಮ್ಮನ ಕೈ ಮಾತ್ರ ಓಡಲಿಲ್ಲ.

ಸಂಜೆ ಮನೆಯಲ್ಲಿ ಅವಳು ಕೂತಲ್ಲಿ ಕೂರಲಿಲ್ಲ. ರೈಲ್ವೆಯಲ್ಲಿದ್ದ ಗಂಡ ಶಿವರಾಯ ಎಲ್ಲ ಕೇಳಿ ಹೇಳಿದ, “ಇಂಥ ಶೆಡ್ ದೇಶದಾಗ ಎಷ್ಟೋ ಅವ. ಅಂವ ಕಟ್ಟಿಕೊಂಡದ್ದು ನಿನ್ನ ಪಟ್ಟೀನೇ ಅಂತ ಯಾರು ಹೇಳ್ಯಾರ?”

“ಅಲ್ಲ ಅಂತ ಯಾರು ಹೇಳ್ಯಾರ?” ಎಂದಳು ಸಂಗಮ್ಮ. ಮುರಿದ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ, ದೇವಳಾಲಿಯ ಸೇನಾ ಉಗ್ರಾಣಕ್ಕೆ ಹೋಗಬೇಕಿದ್ದ ಗಂಟುಗಳನ್ನು ಬಿಚ್ಚಿ ಅವಳು ಒಂದೊಂದೇ ಪಟ್ಟಿ ಜಗ್ಗತೊಡಗಿದಳು. ಶೆಡ್ಡಿನ ಮಾಲೀಕ, ಬೀದರಿನ ವೈಜನಾಥ, ಓಡಿ ಬಂದ.

“ಇವು ಪಾಸ್ ಆಗ್ಯಾವಲ್ರಿ, ಸಂಗಮ್ಮ?”

“ನೋಡದೇ ಮುದ್ರಿ ಒತ್ತೀನ್ರಿ, ಸಾವ್ಕಾರ್ರ.”

ವೈಜನಾಥ ಬಾಗಿಲ ಕಡೆ ಕೈ ತೋರಿಸಿದ. “ಲಾರಿ ಬಂದು ನಿಂತದ. ಅಲ್ಲಿ ಮಂದಿ ಪಟ್ಟಿಗಾಗಿ ಕಾಯಕೊಂತ ಕುಂತಾರ. ತಡ ಆದ್ರೂ ಜೀವ ಹೋಗ್ತದ. ಇದು ಹೊರಗ ಬಿದ್ರ ಶೆಡ್ಡಿಗೆ ಬೀಗ. ಹನ್ನೆರಡು ಮನಿ ನಡೀತಾವ ಇದರ ಮ್ಯಾಲ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಸಂಗಮ್ಮ ಇನ್ನೊಂದು ಪಟ್ಟಿ ಕೊಕ್ಕೆಗೆ ಹಾಕಿದಳು. ತಡೆಯಿತು. ಮತ್ತೊಂದು, ಮತ್ತೊಂದು. ಅದರ ನಂತರದ್ದು ಚರ್ರೆಂದು ಕಿತ್ತು ಕೈಗೆ ಬಂತು.

ವೈಜನಾಥ ಆ ತುಂಡನ್ನು ಹಿಡಿದು ಬಹಳ ಹೊತ್ತು ನೋಡಿದ. “ಹೋದ ತಿಂಗಳು ಕಳಿಸಿದ್ದು?”

“ಅವೂ ಹಿಂಗೇರಿ.”

ಲಾರಿ ಖಾಲಿ ಮರಳಿತು. ಯಂತ್ರ ನಿಲ್ಲಿಸಿ ಎಲ್ಲ ಹೆಂಗಸರೂ ಜಗ್ಗಲು ಕೂತರು. ಇನ್ನೂ ಮೂರು ಕಿತ್ತವು. ವೈಜನಾಥ ಹೋದ ತಿಂಗಳ ಮಾಲನ್ನು ಬಳಸದೆ ಹಿಂದಿರುಗಿಸಿ ಎಂದು ದೇವಳಾಲಿಗೆ ಪತ್ರ ಬರೆದು ಓದಿ ಹೇಳಿದ. ‘ಕಣ್ತಪ್ಪಿನಿಂದ’ ಎಂಬಲ್ಲಿಗೆ ಸಂಗಮ್ಮ ತಡೆದಳು.

“ಕಣ್ತಪ್ಪಿ ಅಲ್ರಿ. ನೋಡಿಲ್ಲ ಅಂತ ಬರೀರಿ.”

ಅವನು ಹೊಡೆದು ಹಾಕಿ ಹಾಗೆಯೇ ಬರೆದ. ಪೈಲಟನ ಸುದ್ದಿ ಅಂದೂ ಬರಲಿಲ್ಲ.

“ನೀವೂ ಬರ್ರಿ,” ಎಂದ ವೈಜನಾಥ ಪತ್ರ ಮಡಚುತ್ತ. “ಒಬ್ಬನೇ ಹೋದ್ರ ಅಲ್ಲಿ ನನ್ನ ನಾಲಿಗಿ ಮತ್ತ ಕಣ್ತಪ್ಪು ಅಂತದ.”

ಸಂಗಮ್ಮ ಸೆರಗು ಬಿಗಿದುಕೊಂಡು, ದೇವಳಾಲಿ ಬಸ್ಸಿಗೆ ಅವನಿಗಿಂತ ಮುಂದೆ ನಡೆದಳು.